ಅಮೆರಿಕಾ ಸಿಂಗರ್ ಚಂಚಲೆಯಲ್ಲ

ಕೀರಾ ಕ್ಯಾಸ್ ಬರೆದ ‘ದಿ ಸೆಲೆಕ್ಷನ್’ ಸರಣಿಯ ನಾಯಕಿ ನನಗೆ ಇಷ್ಟ ಎಂದಾಗಲೆಲ್ಲ ಎದುರಾಗುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ಹುಡುಗಿಗೆ ಸ್ಥಿರಬುದ್ಧಿಯಿಲ್ಲ, ಮೊದಲ ಪ್ರೇಮಿಗೆ ಮೋಸ ಮಾಡಿದಳು, ರಾಜಕುಮಾರ ಕಪಟಿ, ಒಬ್ಬ ಗಂಡಿಗಾಗಿ 35 ಹುಡುಗಿಯರನ್ನು ಸಾಲಾಗಿ ನಿಲ್ಲಿಸುವ ಕಥೆ ಹದಿಹರೆಯದವರಿಗೆ ಸಲ್ಲದು, ಜಾತಿಯ ವಿಷಯ ಬರೀ ಅಲಂಕಾರಕ್ಕೆ. ಹೀಗೆ ಹೇಳುವವರಲ್ಲಿ ತಿಳಿದವರೂ ಇದ್ದಾರೆ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡಬೇಕೆನಿಸಿತು.

ಮೊದಲು ಮೋಸದ ಮಾತು. 2012ರಲ್ಲಿ ಬಂದ ಮೊದಲ ಪುಸ್ತಕವನ್ನೇ ತೆಗೆದು ನೋಡಿ. ಇಲ್ಲೇಯಾ ಎಂಬ ಕಲ್ಪಿತ ದೇಶದಲ್ಲಿ ಎಂಟು ಜಾತಿಗಳು. ಅಮೆರಿಕಾ ಸಿಂಗರ್ ಐದನೆಯ ಜಾತಿಯವಳು, ಕಲೆಯನ್ನೇ ನೆಚ್ಚಿ ಅರೆಹೊಟ್ಟೆಯಲ್ಲಿ ಬದುಕುವ ಮನೆಯವಳು. ಅವಳ ಪ್ರೇಮಿ ಆಸ್ಪೆನ್ ಆರನೆಯವನು, ಬೇರೆಯವರ ಮನೆಗಳಲ್ಲಿ ಚಾಕರಿ ಮಾಡುವವರ ಪೈಕಿ. ರಾಜಕುಮಾರನ ವಧು ಆಯ್ಕೆಗೆ ಅರ್ಜಿ ಹಾಕೆಂದು ಅವಳನ್ನು ಒಪ್ಪಿಸಿದವನು ಇದೇ ಆಸ್ಪೆನ್. ಅವಳು ಕೂಡಿಟ್ಟದ್ದರಲ್ಲಿ ಅಡುಗೆ ಮಾಡಿ, ಕದ್ದುಮುಚ್ಚಿ ತಂದು ಬಡಿಸಿದಾಗ, ತಾನು ಅವಳನ್ನು ಸಾಕಬೇಕಾದವನು, ಅವಳೇ ತನಗೆ ಉಣಬಡಿಸುವಂತಾಯಿತಲ್ಲ ಎಂದು ನೊಂದು ಸಂಬಂಧ ಕಡಿದುಕೊಂಡವನೂ ಅವನೇ. ಅವನ ಬಡತನದ ಬಗ್ಗೆ ನನಗೆ ಮರುಕವಿದೆ. ಆದರೆ ತಾನೇ ಬಿಟ್ಟುಹೋದವನು ಆಮೇಲೆ ಕಾವಲುಗಾರನಾಗಿ ಅರಮನೆಗೆ ಬಂದು, ರಾತ್ರಿ ಅವಳ ಕೋಣೆಯ ಬಾಗಿಲು ತಟ್ಟಿದರೆ, ಮೋಸದ ಆರೋಪವನ್ನು ಅವಳ ಮೇಲೆ ಹೊರಿಸುವುದು ಯಾವ ನ್ಯಾಯ?

ಇನ್ನು ಚಂಚಲತೆ. ನನ್ನ ತಕರಾರೆಲ್ಲ ಇರುವುದು ಇಲ್ಲಿ. ಅಮೆರಿಕಾ ಅರಮನೆಯಲ್ಲಿ ಇರುವಷ್ಟು ದಿನ ಅವಳ ಮನೆಗೆ ಹಣ ಹೋಗುತ್ತದೆ, ತಮ್ಮ ತಂಗಿಯರ ಹೊಟ್ಟೆ ತುಂಬುತ್ತದೆ. ತನಗೆ ರಾಜಕುಮಾರನ ಮೇಲೆ ಪ್ರೀತಿಯಿಲ್ಲ, ಊರಲ್ಲಿ ಒಬ್ಬನಿದ್ದ, ಮನೆಯವರಿಗಾಗಿ ಇಲ್ಲಿ ಉಳಿಯಬೇಕಾಗಿದೆ, ಬೇಕಿದ್ದರೆ ಸ್ನೇಹಿತೆಯಾಗಿರುತ್ತೇನೆ ಎಂದು ಅವಳು ಆರಂಭದ ದಿನಗಳಲ್ಲೇ ರಾಜಕುಮಾರ ಮ್ಯಾಕ್ಸನ್‌ಗೆ ಬಾಯಿಬಿಟ್ಟು ಹೇಳುತ್ತಾಳೆ. ಅವಳು ಮುಚ್ಚಿಟ್ಟದ್ದು ಒಂದೇ ಸಂಗತಿ: ಆ ಹಳೆಯ ಪ್ರೇಮಿ ಈಗ ಅದೇ ಅರಮನೆಯ ಕಾವಲಿನಲ್ಲಿದ್ದಾನೆ ಎಂಬುದು. ಹೇಳಿಬಿಡಬಹುದಿತ್ತಲ್ಲ ಎನ್ನುವವರು ಎರಡನೆಯ ಪುಸ್ತಕ ‘ದಿ ಎಲೀಟ್’ನಲ್ಲಿ ಆಯ್ಕೆಗೆ ಬಂದ ಇನ್ನೊಬ್ಬ ಹುಡುಗಿ ಮಾರ್ಲಿಗೆ ಆದದ್ದನ್ನು ಮತ್ತೊಮ್ಮೆ ಓದಬೇಕು. ಕಾವಲುಗಾರ ಕಾರ್ಟರ್‌ನನ್ನು ಪ್ರೀತಿಸಿದ ತಪ್ಪಿಗೆ ಜನರೆದುರು ಅವಳ ಅಂಗೈಗೆ, ಅವನ ಮೈಗೆ ಬೆತ್ತದ ಏಟು ಬೀಳುತ್ತದೆ. ಇಬ್ಬರನ್ನೂ ಎಂಟನೆಯ ಜಾತಿಗೆ ದೂಡಲಾಗುತ್ತದೆ. ಅದನ್ನು ತಡೆಯಲು ಓಡಿದವಳು ಅಮೆರಿಕಾ ಒಬ್ಬಳೇ. ಕಣ್ಣೆದುರೇ ಇದನ್ನು ಕಂಡವಳು ಆಸ್ಪೆನ್‌ನ ಹೆಸರನ್ನು ಯಾವ ಧೈರ್ಯದಿಂದ ಹೇಳಿಯಾಳು? ಪ್ರತಿ ಹೆಜ್ಜೆಯನ್ನೂ ಅಳೆದು ಇಡಬೇಕಾದ ಹುಡುಗಿಯ ಹಿಂಜರಿಕೆಯನ್ನು ನಾವು ಚಂಚಲತೆ ಎಂದು ಕರೆಯುತ್ತಿದ್ದೇವೆ. ಮ್ಯಾಕ್ಸನ್ ತಿಂಗಳುಗಟ್ಟಲೆ ಹತ್ತಾರು ಹುಡುಗಿಯರ ನಡುವೆ ಆರಿಸುತ್ತಾ ಕುಳಿತದ್ದಕ್ಕೆ ಈ ಹೆಸರು ಕೊಟ್ಟವರನ್ನು ನಾನು ಕಂಡಿಲ್ಲ.

ಹಾಗೆಂದು ಮ್ಯಾಕ್ಸನ್ ಕಪಟಿಯೂ ಅಲ್ಲ. ಅಮೆರಿಕಾಳ ಮೇಲೆ ಮನಸ್ಸಿಟ್ಟುಕೊಂಡೇ ಇನ್ನೊಬ್ಬ ಸ್ಪರ್ಧಿ ಸೆಲೆಸ್ಟ್‌ಳನ್ನು ಮುದ್ದಿಸಿದ್ದು ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮಾರ್ಲಿ ಮತ್ತು ಕಾರ್ಟರ್‌ರನ್ನು ಗುಟ್ಟಾಗಿ ಅರಮನೆಯಲ್ಲೇ ಉಳಿಸಿಕೊಂಡು ಕಾಪಾಡಿದವನೂ ಅವನೇ. ಅಪ್ಪ ಕ್ಲಾರ್ಕ್‌ಸನ್ ದೊರೆಯ ಚಾವಟಿಯ ಗುರುತುಗಳು ಬೆನ್ನ ಮೇಲಿದ್ದರೂ ಯಾರಿಗೂ ತೋರಿಸದೆ ಬೆಳೆದ ಹುಡುಗ ಅವನು. ಮಾತು ಮುಚ್ಚಿಡುವುದನ್ನು ಅವನು ಕಲಿತದ್ದು ಆ ಮನೆಯಲ್ಲೇ.

ಹುಡುಗಿಯರನ್ನು ಸಾಲಾಗಿ ನಿಲ್ಲಿಸುವ ಬಗ್ಗೆ ಬಹಳ ಹೇಳಬೇಕಿಲ್ಲ. ಹೆಣ್ಣು ನೋಡುವ ಶಾಸ್ತ್ರ ಇನ್ನೂ ನಡೆಯುವ ನಾಡಿನಲ್ಲಿ, ಉಪ್ಪಿಟ್ಟು ಕಾಫಿಯ ತಟ್ಟೆ ಹಿಡಿದು ಬಂದು ಕುಳಿತ ಹುಡುಗಿಗೆ ಒಳಗೆ ಏನನಿಸುತ್ತದೆ ಎಂದು ಕೇಳುವ ಕಥೆಯನ್ನು ಮಕ್ಕಳು ಓದಲೇಬೇಕು ಎಂಬುದು ನನ್ನ ಮತ. ಹುಡುಗಿಯರ ಜಗಳವೂ ಕೊನೆಯವರೆಗೆ ಉಳಿಯುವುದಿಲ್ಲ. ಎಲ್ಲರಿಗಿಂತ ಕ್ರೂರಿಯಾಗಿ ಕಂಡ ಸೆಲೆಸ್ಟ್ 2014ರ ‘ದಿ ಒನ್’ನಲ್ಲಿ ಅಮೆರಿಕಾಳ ಗೆಳತಿಯಾಗುತ್ತಾಳೆ. ಗೆಳತಿಯಾಗಿಯೇ ಸಾಯುತ್ತಾಳೆ.

ಜಾತಿ ಅಲಂಕಾರಕ್ಕೆ ಎಂಬ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ. ಕ್ಯಾಸ್ ಕಟ್ಟಿದ ಜಾತಿಗಳು ಬರೀ ಅಂಕಿಗಳು. ಅಲ್ಲಿ ಮಡಿ ಮೈಲಿಗೆಯಿಲ್ಲ, ಬೇರೆ ಕೇರಿಯಿಲ್ಲ, ಹಣವಿದ್ದವರು ಮೇಲಿನ ಜಾತಿಯನ್ನು ಕೊಳ್ಳಬಹುದು. ನಮ್ಮಲ್ಲಿ ಜಾತಿಯನ್ನು ಅನುಭವಿಸಿದವರಿಗೆ ಇದು ತೆಳುವಾಗಿ ಕಂಡರೆ ಅದರಲ್ಲಿ ತಪ್ಪಿಲ್ಲ. ಆದರೆ ಮದುವೆಯಾದ ಹೆಣ್ಣು ಗಂಡನ ಜಾತಿಗೇ ಸೇರಬೇಕೆಂಬ ಅಲ್ಲಿನ ಕಾನೂನನ್ನು ಗಮನಿಸಿ. ಆಸ್ಪೆನ್‌ನ ಹಿಂಜರಿಕೆಗೆ, ಅಮೆರಿಕಾಳ ತಾಯಿಯ ಹಟಕ್ಕೆ, ಇಡೀ ಕಥೆಯ ಪ್ರೀತಿಯ ಲೆಕ್ಕಾಚಾರಕ್ಕೆ ಅದೇ ಮೂಲ. ಅದನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ. ಎರಡನೆಯ ಪುಸ್ತಕದ ಕೊನೆಯಲ್ಲಿ ಅಮೆರಿಕಾ ದೇಶವೆಲ್ಲ ನೋಡುತ್ತಿರುವ ಪ್ರಸಾರದಲ್ಲಿ, ದೊರೆಯ ಎದುರೇ ನಿಂತು, ಜಾತಿಗಳನ್ನು ತೆಗೆದುಹಾಕಿ ಎನ್ನುತ್ತಾಳೆ. ಕಿರೀಟ ಕೈತಪ್ಪಬಹುದೆಂದು ಗೊತ್ತಿದ್ದೂ ಆ ಮಾತನ್ನು ಆಡುತ್ತಾಳೆ. ಸ್ಥಿರಬುದ್ಧಿಯಿಲ್ಲದವಳು ಎಂದವರು ಈ ಪುಟಗಳನ್ನು ಏಕೆ ಬಿಟ್ಟುಬಿಡುತ್ತಾರೋ ತಿಳಿಯದು.

2015ರ ‘ದಿ ಏರ್’ ಕಾದಂಬರಿಯಲ್ಲಿ ಕಥೆ ಅವಳ ಮಗಳು ಈಡ್ಲಿನ್‌ಳ ಕಾಲಕ್ಕೆ ಬರುತ್ತದೆ. ಜಾತಿಗಳು ಕಾನೂನಿನಲ್ಲಿ ರದ್ದಾಗಿವೆ, ಜನ ಮಾತ್ರ ಒಬ್ಬರನ್ನೊಬ್ಬರು ಹಳೆಯ ಅಂಕಿಯಿಂದಲೇ ಅಳೆಯುತ್ತಾರೆ, ಬೀದಿಗಳಲ್ಲಿ ಅಸಮಾಧಾನ ಹೊಗೆಯಾಡುತ್ತದೆ. ಸಂವಿಧಾನದ 17ನೇ ವಿಧಿಯಿಂದ ಅಸ್ಪೃಶ್ಯತೆ ರದ್ದಾಗಿ ದಶಕಗಳು ಕಳೆದ ಮೇಲೂ ಅದನ್ನು ಕಾಣುತ್ತಿರುವ ನಮಗೆ ಈ ಭಾಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಮೊದಲ ಪುಸ್ತಕದ ಉಡುಗೆ ತೊಡುಗೆಯನ್ನಷ್ಟೇ ನೋಡಿ ಸರಣಿಯನ್ನು ಕೆಳಗಿಟ್ಟವರಲ್ಲಿ ನನ್ನದೊಂದು ಕೋರಿಕೆ. ಕನಿಷ್ಠ ಮೂರನೆಯದರವರೆಗೆ ಓದಿ, ಅಮೆರಿಕಾ ಸಿಂಗರ್ ಬಗ್ಗೆ ತೀರ್ಪು ಆಮೇಲೆ ಕೊಡಿ.