ಮಗುವಿನೊಡನೆ ಗಡಿ ದಾಟುವ ಮುನ್ನ

ಕೆರೆಕಟ್ಟೆಯಿಂದ ಬಸ್ಸು ಹತ್ತಿ ಮಾಳ ಘಾಟಿ ಇಳಿದರೆ ಕಾರ್ಕಳ, ಮಂಗಳೂರು, ಆಮೇಲೆ ತಲಪಾಡಿ. ತಲಪಾಡಿ ದಾಟಿದರೆ ಕೇರಳ. ದೊಡ್ಡವರು ಓಡಾಡಿದರೆ ಯಾರೂ ಕೇಳುವುದಿಲ್ಲ. ಆದರೆ ಒಂಟಿ ತಾಯಿ ಮಗುವನ್ನೆತ್ತಿಕೊಂಡು ಗಡಿಯಾಚೆಯ ತವರಿಗೆ ಹೊರಟರೆ 'ಮಗುವನ್ನು ಕದ್ದೊಯ್ದಳು' ಎಂಬ ಮಾತು ಏಳುತ್ತದೆ. ಮಗುವಿನ ತಂದೆಯೊಂದಿಗೆ ನಿಕಾಹ್ ಆಗಿರಲೇ ಇಲ್ಲವೆಂದಾದರೆ ಅವಳಿಗೆ ಬಾಯಿ ತೆರೆಯುವುದೂ ಕಷ್ಟ.

ಈ ವಿಷಯ ನಮಗೇಕೆ ಎನ್ನಬೇಡಿ, ಸಹೋದರಿಯರೇ. ನಿಕಾಹ್ ಇಲ್ಲದ ಸಂಬಂಧವನ್ನು ಇಸ್ಲಾಮ್ ಒಪ್ಪುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದುವೆಯ ಮಾತು ನಂಬಿ ಮೋಸಹೋದವಳ ಮಡಿಲಲ್ಲಿರುವ ಕೂಸು ಏನು ತಪ್ಪು ಮಾಡಿದೆ? ಫಿಕ್ಹ್ ಗ್ರಂಥಗಳು ಆ ಮಗುವಿನ ವಂಶವನ್ನು ತಾಯಿಗೇ ಸೇರಿಸುತ್ತವೆ, ಅವಳ ವಾರೀಸುಹಕ್ಕನ್ನೂ ಕೊಡುತ್ತವೆ. ಗ್ರಂಥ ಕೊಟ್ಟಿದ್ದನ್ನು ನೆರೆಹೊರೆಯವರ ನಾಲಿಗೆ ಕಸಿಯುತ್ತದೆ, ಅಷ್ಟೆ.

ದೇಶದ ಕಾನೂನೂ ತಾಯಿಯ ಕೈಬಿಟ್ಟಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿಯ ಒಬ್ಬ ಅವಿವಾಹಿತ ಕ್ರೈಸ್ತ ತಾಯಿಯ ಮೊಕದ್ದಮೆಯಲ್ಲಿ, ತಂದೆಯ ಹೆಸರು ಹೇಳದೆ, ಅವನಿಗೆ ನೋಟಿಸು ಕಳಿಸದೆಯೂ ಆಕೆಯ ಗಾರ್ಡಿಯನ್ ಅರ್ಜಿಯನ್ನು ವಿಚಾರಿಸಬೇಕು ಎಂದಿತು. ಅಂಥ ತಾಯಿಗೆ ಜನನ ಪ್ರಮಾಣಪತ್ರ ಕೊಡಲು ಅವಳ ಅಫಿಡವಿಟ್ ಸಾಕು ಎಂದೂ ಹೇಳಿತು.

ಹಾಗಾದರೆ ಗಡಿ ದಾಟಲು ಅನುಮತಿ ಬೇಕೇ? ಯಾವ ಮೊಕದ್ದಮೆಯೂ ಆದೇಶವೂ ಇಲ್ಲದಿದ್ದರೆ, ತನ್ನ ಬಳಿಯೇ ಬೆಳೆದ ಮಗುವಿನೊಡನೆ ಬೇರೆ ರಾಜ್ಯಕ್ಕೆ ಹೋದದ್ದೇ ತಾಯಿಯ ಅಪರಾಧವಾಗುವುದಿಲ್ಲ. ಕೋರ್ಟೇ ಅವಳನ್ನು ಗಾರ್ಡಿಯನ್ ಆಗಿ ನೇಮಿಸಿದ್ದರೆ ಮಾತ್ರ ಎಚ್ಚರ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ 26ನೇ ಕಲಮಿನಂತೆ, ಕೋರ್ಟಿನ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವ ಹಾಗಿಲ್ಲ. ಇಲ್ಲಿ ವ್ಯಾಪ್ತಿ ಎಂದರೆ ರಾಜ್ಯದ ಗಡಿಯಲ್ಲ, ಪಕ್ಕದ ಜಿಲ್ಲೆಯೂ ಹೊರಗೇ.

ತಲಾಕ್ ಆದ ತಾಯಿಯ ಸಂಗತಿ ಬೇರೆ, ಅಲ್ಲಿ ತಂದೆಗೂ ಹಕ್ಕಿದೆ. ತಂದೆ ಹೋಗಿ ಮಗುವನ್ನು ಕಂಡು ರಾತ್ರಿಯೊಳಗೆ ಮನೆ ಸೇರಲಾಗದಷ್ಟು ದೂರಕ್ಕೆ ಮಗುವನ್ನು ಒಯ್ಯಬಾರದು, ನಿಕಾಹ್ ನಡೆದ ತನ್ನ ತವರೂರಿಗಾದರೆ ಒಯ್ಯಬಹುದು ಎನ್ನುತ್ತದೆ ಹನಫೀ ಫಿಕ್ಹ್. (ಕೆರೆಕಟ್ಟೆಯಿಂದ ಮಂಜೇಶ್ವರಕ್ಕೆ ಹೋಗಿ ಅದೇ ದಿನ ಮರಳುವುದು ಬಸ್ಸಿನವನ ಮರ್ಜಿ!) ಶಾಫಿಈಗಳ ಕ್ರಮ ಬೇರೆ. ಕೋರ್ಟು ಇವನ್ನೆಲ್ಲ ನೋಡಿದರೂ ಮಗುವಿನ ಹಿತವನ್ನೇ ಮುಂದಿಡುತ್ತದೆ.

ತಂದೆ ಮೊಕದ್ದಮೆ ಹೂಡಿದರೆ, ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿನಲ್ಲಿ ಹೂಡಬೇಕು. ಆ ವಾಸ ಎಲ್ಲಿಯದೆಂದು ಸಂದರ್ಭ ನೋಡಿ ತೀರ್ಮಾನಿಸಬೇಕೆಂದು 2011ರ ರುಚಿ ಮಜೂ ತೀರ್ಪು ಹೇಳಿದೆ. ಆದ್ದರಿಂದ ಹೊಸ ಊರಿಗೆ ಹೋದೊಡನೆ ಅಂಗನವಾಡಿ, ಶಾಲೆ, ಚುಚ್ಚುಮದ್ದಿನ ಕಾರ್ಡು ಎಲ್ಲವೂ ಅಲ್ಲಿಯದೇ ಆಗಲಿ. ರಾತ್ರೋರಾತ್ರಿ ಓಡಿಹೋದವಳಿಗಿಂತ ಕಾಗದಪತ್ರ ಕೈಯಲ್ಲಿ ಹಿಡಿದು ಹೋದವಳ ಮಾತಿಗೆ ತೂಕ ಹೆಚ್ಚು.

ತಂದೆಯೇ ಮಗುವನ್ನು ಒಯ್ದರೆ? ನಿಕಾಹ್ ಇಲ್ಲದೆ ಹುಟ್ಟಿದ ಮಗುವಿಗೆ ತಾನೇ ತಂದೆಯೆಂದು ಸದ್ಭಾವನೆಯಿಂದ ನಂಬಿ ಒಯ್ದವನಿಗೆ ಅಪಹರಣದ ಕಲಮಿನಲ್ಲಿ ವಿನಾಯಿತಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಲ್ಲೂ ಅದು ಉಳಿದಿದೆ. ಹಾಗಾಗಿ ಠಾಣೆಯಲ್ಲಿ ದಾರಿ ಸಿಗದಿರಬಹುದು. ಆಗ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು.

ಜೀವನಾಂಶದ ಹೊಣೆಯೂ ತಂದೆಯಿಂದ ತಪ್ಪುವುದಿಲ್ಲ, ನಿಕಾಹ್ ಇಲ್ಲದಿದ್ದರೂ, ಮಗು ಗಡಿಯಾಚೆ ಇದ್ದರೂ. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೂ ಮಕ್ಕಳಿಗೂ ಉಚಿತ ನೆರವಿದೆ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರಾಯಿತು.