ಎಡ ತೋಳೋ ಬಲ ತೋಳೋ, ಹೇಳಿ ಸ್ವಾಮಿ!

ನನ್ನದು ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್, ರಾಜ್ಯೋತ್ಸವದ ಕರಪತ್ರ, ಇಷ್ಟೇ ನನ್ನ ಸಾಹಿತ್ಯ. ಓದಿದ್ದು ಪಿಯುಸಿ. ಡಾಕ್ಟರಿಕೆ ವಿಷಯ ಬರೆಯೋಕೆ ಇವನ್ಯಾರು ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ನನ್ನ ಮೆಷಿನ್ನಿನಲ್ಲೇ ಅಚ್ಚಾದ ಕಾಗದದ ಬಗ್ಗೆ.

ಹೋದ ವರ್ಷ ಏಜೆನ್ಸಿಯವನೊಬ್ಬ ಪೆನ್‌ಡ್ರೈವ್ ಹಿಡಿದು ಬಂದ. ನಮ್ಮ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಪ್ರಯೋಗವಂತೆ. ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿ 500 ಪ್ರತಿ ಬೇಕಂತೆ. ಕನ್ನಡದ ಕೆಲಸ ಅಂತ ಖುಷಿಯಿಂದಲೇ ಪ್ರೂಫ್ ತೆಗೆದೆ. ಓದಿದೆ. ‘ನಿಮ್ಮನ್ನು ಎರಡು ತೋಳುಗಳಲ್ಲಿ ಒಂದಕ್ಕೆ ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು.’ ಯಾರ ತೋಳು? ಎಡಗಡೆಯದೋ ಬಲಗಡೆಯದೋ? ಮುಂದಿನ ಸಾಲು: ‘ಇದು ಇಮ್ಮಡಿ ಕುರುಡು ಅಧ್ಯಯನವಾಗಿದೆ.’ ಇಮ್ಮಡಿ ಪುಲಿಕೇಶಿ ನನಗೆ ಗೊತ್ತು ಸ್ವಾಮಿ, ಈ ಇಮ್ಮಡಿ ಕುರುಡು ಯಾರು?

ನನ್ನ ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಆಗ ಅಂಗಡಿಯಲ್ಲಿ ಒಬ್ಬರು ಸಿಸ್ಟರ್ ಕೂತಿದ್ದರು, ಮಗಳ ಮದುವೆ ಕಾಗದ ಮಾಡಿಸೋಕೆ ಬಂದಿದ್ದವರು. ಇಪ್ಪತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವರು. ಹುಟ್ಟಿದ್ದು ಕೇರಳದಲ್ಲಿ, ಕನ್ನಡ ಕಲಿತದ್ದು ರೋಗಿಗಳ ಮಂಚದ ಪಕ್ಕದಲ್ಲಿ. ಅವರು ಮಾತ್ರ ನಗಲಿಲ್ಲ. ಪೆನ್ಸಿಲ್ ಇಸಿದುಕೊಂಡು ಪ್ರೂಫಿನ ಅಂಚಿನಲ್ಲಿ ಬರೆದರು: ‘ರೋಗಿಗಳನ್ನು ಎರಡು ಗುಂಪು ಮಾಡುತ್ತೇವೆ. ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಈಗ ಕೊಡುತ್ತಿರುವ ಔಷಧ. ನೀವು ಯಾವ ಗುಂಪು ಅನ್ನೋದು ಚೀಟಿ ಎತ್ತಿದ ಹಾಗೆ. ನಿಮಗೆ ಯಾವ ಔಷಧ ಸಿಗುತ್ತಿದೆ ಅಂತ ನಿಮಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ.’ ಮುಗೀತು! ನನ್ನಂಥ ಪಿಯುಸಿಗೂ ಅರ್ಥವಾಯಿತು, ಬೈಂಡಿಂಗ್ ಹುಡುಗನಿಗೂ ಅರ್ಥವಾಯಿತು.

ಏಜೆನ್ಸಿಯವನಿಗೆ ಫೋನ್ ಮಾಡಿದೆ. ‘ಎಥಿಕ್ಸ್ ಕಮಿಟಿಯಲ್ಲಿ ಪಾಸಾಗಿದೆ, ಒಂದಕ್ಷರ ಮುಟ್ಟಬೇಡಿ’ ಅಂದ. ಅವನು ಹೇಳಿದ್ದೂ ನಿಯಮವೇ. ಪಾಸಾದ ಪತ್ರವನ್ನು ಪ್ರೆಸ್ಸಿನವನು ತಿದ್ದುವ ಹಾಗಿಲ್ಲ, ತಿದ್ದಿದರೆ ಮತ್ತೆ ಕಮಿಟಿ ಮುಂದೆ ಹೋಗಬೇಕು. ನಾನು ಏನು ಮಾಡಿದೆ? ತೋಳೂ ಕುರುಡೂ ಸಮೇತ 500 ಪ್ರತಿ ಹೊಡೆದುಕೊಟ್ಟೆ. ಆ ದುಡ್ಡಿನಲ್ಲಿ ಕರೆಂಟ್ ಬಿಲ್ ಕಟ್ಟಿದೆ. ಅದಕ್ಕೇ ಈ ಲೇಖನ.

ಕಾನೂನು ಏನು ಹೇಳುತ್ತದೆ ನೋಡಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ, ಪ್ರಯೋಗದ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ತಾಂತ್ರಿಕ ಪದಗಳಿಲ್ಲದೆ, ಬಾಯಲ್ಲೂ ಹೇಳಬೇಕು, ಬರಹದಲ್ಲೂ ಕೊಡಬೇಕು. ‘ಅರ್ಥವಾಗುವ ಭಾಷೆ’ ಅಂದಿದ್ದಾರೆ. ಬರೀ ಕನ್ನಡ ಲಿಪಿಯಲ್ಲಿದ್ದರೆ ಸಾಕು ಅಂದಿಲ್ಲ! ಯಾದೃಚ್ಛಿಕ ಅನ್ನುವುದು ಯಾವ ತಾಯಿ ಆಡಿದ ಕನ್ನಡ?

ಅರ್ಥವಾಗದ ಒಪ್ಪಿಗೆಯಿಂದ ಏನಾಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ, ಪಕ್ಕದ ಖಮ್ಮಂ ಸಾಕು. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಇದು ಟ್ರಯಲ್ ಅಲ್ಲ, ಪ್ರಾತ್ಯಕ್ಷಿಕೆ ಯೋಜನೆ ಅಂತ ನಡೆಸಿದವರ ವಾದ. ಆಂಧ್ರ, ಗುಜರಾತ್ ಸೇರಿ ಏಳು ಹುಡುಗಿಯರು ಸತ್ತರು, 2010ರಲ್ಲಿ ಯೋಜನೆ ನಿಂತಿತು. ಸಾವಿಗೆ ಲಸಿಕೆ ಕಾರಣವಾಗಿರಲಾರದು ಅಂತ ತನಿಖೆ ಹೇಳಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಪ್ಪಿಗೆ ಪತ್ರದ ಕಥೆ? 2013ರ ಸಂಸದೀಯ ಸಮಿತಿ ವರದಿ ಓದಿ. ಆಂಧ್ರದ 9,543 ಫಾರಂಗಳಲ್ಲಿ 1,948ಕ್ಕೆ ಹೆಬ್ಬೆಟ್ಟು. 2,763ಕ್ಕೆ ಹಾಸ್ಟೆಲ್ ವಾರ್ಡನ್ನುಗಳ ಸಹಿ! ಅಪ್ಪ ಅಮ್ಮ ಊರಲ್ಲಿ, ಒಪ್ಪಿಗೆ ವಾರ್ಡನ್ ಕೈಯಲ್ಲಿ.

ಪ್ರಯೋಗವೇ ಬೇಡ ಅನ್ನುವವನಲ್ಲ ನಾನು. ಇವತ್ತು ನಾವು ನುಂಗುವ ಮಾತ್ರೆಗಳೆಲ್ಲ ಯಾರೋ ಪುಣ್ಯಾತ್ಮರ ಮೈಮೇಲೆ ಪರೀಕ್ಷೆಯಾಗಿಯೇ ಬಂದದ್ದು. ಆ ಪುಣ್ಯಾತ್ಮರ ಪಕ್ಕದಲ್ಲಿ ನಿಂತವರು ಯಾರು ಅನ್ನೋದು ನನ್ನ ಪ್ರಶ್ನೆ. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಔಷಧ ಕೊಟ್ಟು, ಹೊತ್ತಿಗೆ ಸರಿಯಾಗಿ ರಕ್ತ ತೆಗೆದು, ರಾತ್ರಿ ಎರಡು ಗಂಟೆಗೆ ಬಿಪಿ ನೋಡುವವರು ನರ್ಸು.

ಅಮೆರಿಕದಲ್ಲಿ ಇದನ್ನು ಒಂದು ವಿಶೇಷ ವೃತ್ತಿ ಅಂತಲೇ ಅಲ್ಲಿನ ನರ್ಸುಗಳ ಸಂಘ 2016ರಲ್ಲಿ ಮಾನ್ಯ ಮಾಡಿದೆ. ರೋಗಿಯ ಶುಶ್ರೂಷೆ, ಪ್ರಯೋಗದ ನಿರ್ವಹಣೆ, ರೋಗಿಯ ಹಕ್ಕಿನ ರಕ್ಷಣೆ, ಎಲ್ಲವೂ ಅವರ ಕೆಲಸದಲ್ಲಿ ಸೇರಿದೆ. ನಮ್ಮಲ್ಲಿ? ಬಿಎಸ್ಸಿ ನರ್ಸಿಂಗಿನಲ್ಲಿ ‘ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ’ ಅಂತ ಪಾಠ ಇದೆ, ಪರೀಕ್ಷೆ ಬರೆಯುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ‘ಸೂಜಿ ಚುಚ್ಚಮ್ಮಾ, ಮಾತಾಡಬೇಡ’!

ಆ ಸಿಸ್ಟರ್ ನನಗೆ ಇನ್ನೊಂದು ವಿಷಯ ಹೇಳಿದರು. ನಮ್ಮ ಜನ ಹೊಟ್ಟೆ ತೊಳಸುತ್ತೆ ಅಂತಾರೆ, ಹೊಟ್ಟೆ ನುಲಿಯುತ್ತೆ ಅಂತಾರೆ, ಹೊಟ್ಟೆ ಉರಿ, ಹೊಟ್ಟೆ ಉಬ್ಬರ ಅಂತಾರೆ. ನಾಲ್ಕೂ ಬೇರೆ ಬೇರೆ. ಕನ್ನಡ ಬಾರದವನು ನಾಲ್ಕಕ್ಕೂ ‘ಸ್ಟಮಕ್ ಪೇನ್’ ಅಂತ ಬರೆದು ಮುಂದೆ ಹೋಗುತ್ತಾನೆ. ಅಜ್ಜಿ ‘ಕಣ್ಣು ಕತ್ತಲೆ ಬರುತ್ತೆ ಕಣಮ್ಮಾ’ ಅಂದರೆ ಕಣ್ಣಿನ ತೊಂದರೆ ಅಂತ ಬರೆದುಕೊಂಡರೆ ಏನು ಗತಿ? ಬಿಪಿ ಬಿದ್ದಿರುತ್ತದೆ! ಗಂಭೀರ ಅಡ್ಡಪರಿಣಾಮವಾದರೆ 24 ಗಂಟೆಯೊಳಗೆ ಮೇಲಕ್ಕೆ ವರದಿ ಹೋಗಬೇಕು ಅಂತ ನಿಯಮ. ಅರ್ಥವೇ ಆಗದ ಮಾತಿಗೆ ವರದಿ ಎಲ್ಲಿಂದ ಹೋಗಬೇಕು? ಅಲ್ಲಿ ಕನ್ನಡ ಅಭಿಮಾನದ ಮಾತಲ್ಲ ಗೆಳೆಯರೇ, ಥರ್ಮಾಮೀಟರಿನ ಹಾಗೆ ಉಪಕರಣ.

ಎಥಿಕ್ಸ್ ಕಮಿಟಿಯಲ್ಲಿ ವಕೀಲರು ಇರಬೇಕು, ಜನಸಾಮಾನ್ಯರ ಪರವಾಗಿ ಒಬ್ಬರು ಇರಬೇಕು, ಒಬ್ಬ ಮಹಿಳೆ ಇರಬೇಕು ಅಂತ ನಿಯಮವಿದೆ. ವಾರ್ಡಿನಲ್ಲಿ ದುಡಿದ, ಕನ್ನಡ ಬಲ್ಲ ನರ್ಸ್ ಒಬ್ಬರನ್ನೂ ಕೂರಿಸಿ. ಕನ್ನಡದ ಒಪ್ಪಿಗೆ ಪತ್ರವನ್ನು ಅವರು ಗಟ್ಟಿಯಾಗಿ ಓದಲಿ. ಕಮಿಟಿಯಲ್ಲಿರುವ ಆ ಜನಸಾಮಾನ್ಯನಿಗೆ ಅರ್ಥವಾದರೆ ಮಾತ್ರ ಪಾಸು. ಅದಕ್ಕೆ ಆಸ್ಪತ್ರೆಗೆ ಖರ್ಚೆಷ್ಟು? ಒಂದು ಲೋಟ ಕಾಫಿ.

ಬೆಂಗಳೂರಿನ ಹುಡುಗರೇ, ಹುಡುಗಿಯರೇ, ನಾಳೆ ನಿಮ್ಮ ತಾತನ ಕೈಗೆ ಇಂಥ ಕಾಗದ ಬಂದರೆ ‘ಸೈನ್ ಹಾಕು ತಾತ, ಫಾರ್ಮಾಲಿಟಿ’ ಅನ್ನಬೇಡಿ. ಕನ್ನಡದ ಹಾಳೆ ಕೇಳಿ. ಸಹಿಯಾದ ಪ್ರತಿ ಒಂದು ಮನೆಗೆ ತನ್ನಿ, ಅದು ನಿಮ್ಮ ಹಕ್ಕು. ಅದರಲ್ಲಿ ಎಥಿಕ್ಸ್ ಕಮಿಟಿಯವರ ಸಂಪರ್ಕ ವಿವರ ಇರಲೇಬೇಕು, ಇದೆಯೋ ನೋಡಿ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರು ಕೊಡುತ್ತಾರೆ ಅಂತ ಬರೆದಿದೆಯೋ ನೋಡಿ. ತಾತನಿಗೆ ಬೇಡ ಅನ್ನಿಸಿದ ದಿನ ಬಿಟ್ಟು ಬರಬಹುದು, ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಸಿಸ್ಟರ್ ಪೆನ್ಸಿಲ್ಲಿನಲ್ಲಿ ತಿದ್ದಿದ ಪ್ರೂಫ್ ಇನ್ನೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ. ಯಾವ ಆಸ್ಪತ್ರೆಯವರಾದರೂ ಬಂದು ಆ ಕನ್ನಡ ಬೇಕು ಅಂದರೆ, ಮೊದಲ 500 ಪ್ರತಿ ಬಿಟ್ಟಿ ಹೊಡೆದುಕೊಡುತ್ತೇನೆ.