ಕಚೇರಿಯ ತಡಕ್ಕೆ ಅರ್ಜಿದಾರರಿಗೆ ದಂಡ

ಅಮೆರಿಕದಲ್ಲಿ ಕೆಲಸದ ಪರವಾನಗಿ ಕಾರ್ಡಿಗೆ ಅಲ್ಲಿರುವ ನಮ್ಮವರು ಇಎಡಿ ಅನ್ನುತ್ತಾರೆ. ಅವಧಿ ಮುಗಿಯುವ ಮುಂಚೆ ನವೀಕರಣಕ್ಕೆ ಅರ್ಜಿ ಹಾಕಿದರೆ, ಉತ್ತರ ಬರುವುದು ತಡವಾದರೂ ಹಳೆಯ ಕಾರ್ಡೇ 540 ದಿನಗಳವರೆಗೆ ನಡೆಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಈಚೆಗೆ ಅರ್ಜಿ ಹಾಕಿದ ಬಹುತೇಕರಿಗೆ ಆ ಆಸರೆ ಇಲ್ಲ. ಕಾರ್ಡಿನ ತಾರೀಖು ಮುಗಿದ ಮರುದಿನವೇ ಕೆಲಸ ನಿಲ್ಲಿಸಬೇಕು. ಶುಲ್ಕ ಕಟ್ಟಿ, ಸಕಾಲಕ್ಕೆ ಅರ್ಜಿ ಕೊಟ್ಟಿದ್ದರೂ ಅಷ್ಟೇ. ಎಚ್ಚರವಹಿಸಿ ಇನ್ನೂ ಮೊದಲೇ ಹಾಕೋಣವೆಂದರೆ, 180 ದಿನಕ್ಕಿಂತ ಮುಂಚೆ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಹಿನ್ನೆಲೆ ಪರಿಶೀಲಿಸದೆ ಅವಧಿ ವಿಸ್ತರಿಸಲಾಗದು ಎಂಬುದು ಅಲ್ಲಿನ ಸರ್ಕಾರದ ಸಮರ್ಥನೆ. ಪರಿಶೀಲನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದನ್ನು ಮಾಡಬೇಕಾದ ಕಚೇರಿ ತಡ ಮಾಡಿದರೆ ಅರ್ಜಿ ಕೊಟ್ಟವಳ ಸಂಬಳ ಏಕೆ ನಿಲ್ಲಬೇಕು ಎಂಬುದಷ್ಟೇ ಪ್ರಶ್ನೆ.

'ಕೊಟ್ಟವಳ' ಎಂದು ಬೇಕೆಂದೇ ಬರೆದೆ. ಗ್ರೀನ್‌ ಕಾರ್ಡಿನ ಸಾಲಿನಲ್ಲಿರುವ ಎಚ್-1ಬಿ ಕೆಲಸದ ವೀಸಾದ ನೌಕರರ ಸಂಗಾತಿಗಳಿಗೆ ದುಡಿಯುವ ಅವಕಾಶ ಸಿಕ್ಕಿದ್ದು 2015ರಲ್ಲಿ. ಅವರಲ್ಲಿ ಹೆಚ್ಚಿನವರು ಭಾರತದ ಹೆಣ್ಣುಮಕ್ಕಳು. ಓದಿಯೂ ವರ್ಷಗಟ್ಟಲೆ ಮನೆಯಲ್ಲಿ ಕೂತು, ಕಷ್ಟಪಟ್ಟು ಮತ್ತೆ ಕೆಲಸ ಹಿಡಿದವರು. ಈಗ ಒಂದು ಕಾಗದ ತಡವಾದರೆ ಆ ಕೆಲಸವೇ ಕೈತಪ್ಪುತ್ತದೆ.

ಇವರು ಸಾಲಿನಲ್ಲಿ ಇಷ್ಟು ಕಾಲ ನಿಂತಿರುವುದೂ ತಮ್ಮ ತಪ್ಪಿನಿಂದಲ್ಲ. ಉದ್ಯೋಗ ಆಧಾರಿತ ಗ್ರೀನ್‌ ಕಾರ್ಡ್‌ ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚಿಲ್ಲ. 1990ರ ಕಾನೂನಿನ ಲೆಕ್ಕ ಇದು. ಪುಟ್ಟ ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಮಿತಿ. ಉನ್ನತ ಪದವಿಯವರಿಗಾಗಿರುವ ಇಬಿ-2 ವರ್ಗದಲ್ಲಿ ಭಾರತೀಯರ ಸರದಿ 2025ರ ಡಿಸೆಂಬರಿನಲ್ಲೂ 2013ರಲ್ಲಿ ಅರ್ಜಿ ಹಾಕಿದವರಲ್ಲೇ ಇತ್ತು. ಅದೂ ಮುಂದಕ್ಕೇ ಹೋಗುತ್ತದೆಂಬ ಖಾತ್ರಿಯಿಲ್ಲ: 2022ರ ಸೆಪ್ಟೆಂಬರಿನಲ್ಲಿ 2014ರ ಡಿಸೆಂಬರ್ ಮುಟ್ಟಿದ್ದ ತಾರೀಖು, ಮರುತಿಂಗಳೇ 2012ರ ಏಪ್ರಿಲ್‌ಗೆ ಜಾರಿತು. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಅವರು ತಂದೆತಾಯಿಯ ಅರ್ಜಿಯಿಂದ ಹೊರಬೀಳಬಹುದು. ಎರಡನೇ ವಯಸ್ಸಿನಲ್ಲಿ ಹೋದ ಮಗುವಿಗೆ ಆ ಊರು ಬಿಟ್ಟು ಬೇರೆ ಯಾವ ಊರು ಗೊತ್ತು?

"ಅಷ್ಟು ಸಂಬಳ ತಗೊಳ್ಳೋರಿಗೆ ಇದೆಂಥ ಕಷ್ಟ, ವಾಪಸ್ ಬರಲಿ" ಎನ್ನುವವರು ನಮ್ಮಲ್ಲೂ ಇದ್ದಾರೆ. ಸಂಬಳ ಹೆಚ್ಚಿದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ಎಚ್-1ಬಿಯಲ್ಲಿ ದುರುಪಯೋಗ ನಡೆದದ್ದು ನಿಜ. ಆ ವೀಸಾ ಹಂಚುವ ಲಾಟರಿಯಲ್ಲಿ ಒಬ್ಬರದೇ ಹೆಸರನ್ನು ಹಲವು ಕಂಪನಿಗಳು ಸೇರಿಸುತ್ತಿದ್ದವು. 2024ರಲ್ಲಿ ಕಂಪನಿಗಳ ನೋಂದಣಿಗಳ ಬದಲು ವ್ಯಕ್ತಿಯನ್ನೇ ಲೆಕ್ಕಕ್ಕೆ ಹಿಡಿಯುವ ನಿಯಮ ಬಂತು. ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಆ ನಿಯಮ ಮೋಸಗಾರರನ್ನು ತಡೆಯಿತು. ಇಎಡಿ ನಿಯಮ ಪೆಟ್ಟು ಕೊಡುವುದು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವರಿಗೆ.

2025ರ ಡಿಸೆಂಬರಿನಲ್ಲಿ ಇನ್ನೊಂದು ಬದಲಾವಣೆ ಬಂತು. ಗ್ರೀನ್‌ ಕಾರ್ಡಿನ ಕೊನೆಯ ಅರ್ಜಿ ಹಾಕಿ ಕಾಯುತ್ತಿರುವವರ ಇಎಡಿಯ ಗರಿಷ್ಠ ಅವಧಿ 5 ವರ್ಷದಿಂದ 18 ತಿಂಗಳಿಗೆ ಇಳಿಯಿತು. ಪದೇಪದೇ ನವೀಕರಣವೆಂದರೆ ಅದೇ ಮೇಜಿನ ಮೇಲೆ ಇನ್ನಷ್ಟು ಅರ್ಜಿ, ಇನ್ನಷ್ಟು ತಡ.

ಶೇ 7ರ ಮಿತಿ ತೆಗೆಯುವ ಮಸೂದೆ 2019ರಲ್ಲಿ ಅಲ್ಲಿನ ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತ್ತು. ಮರುವರ್ಷ ಸೆನೆಟ್ ತನ್ನದೇ ರೂಪ ಒಪ್ಪಿತು. ಎರಡೂ ಒಂದಾಗಲೇ ಇಲ್ಲ. ಆ ಮಿತಿ ತೆಗೆಯಲು ಸಂಸತ್ತು ಬೇಕು, ಕಾಲವೂ ಬೇಕು. 540 ದಿನಗಳನ್ನು ಮರಳಿಸಲು ಸಂಸತ್ತು ಬೇಕಿಲ್ಲ. ನಿಯಮ ಬದಲಿಸಿದ ಇಲಾಖೆಯೇ ಅದನ್ನು ಮಾಡಬಹುದು. ಅರ್ಜಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವವರೆಗೆ ಹಳೆಯ ಕಾರ್ಡು ನಡೆಯಲಿ.